ಒಣ ಹೂವಿನ ವಿಷ್ಯ ಕೇಳಿದ್ಯಲ್ಲ, ತಗೋ

ಮಾರಾಯ,

ಹೊಸ ಫ್ಲಾಟಿಗೆ ಒಣ ಹೂವಿಂದ ಡೆಕೋರೇಶನ್ ಮಾಡ್ಬೇಕು, ಆನ್‌ಲೈನಲ್ಲಿ ಪಂಪಾಸ್ ಹುಲ್ಲು ಸಿಗುತ್ತೆ ತರ್ಸ್ಲಾ ಅಂದ್ಯಲ್ಲ, ತರ್ಸ್ಬೇಡ. ಅದು ದಕ್ಷಿಣ ಅಮೆರಿಕದ ಹುಲ್ಲು, ತೀರ್ಥಹಳ್ಳೀಲಿ ಅಜ್ಜನ ಮನೆ ತೋಟ ಇಟ್ಕೊಂಡು ನೀನು ದುಡ್ಡು ಕೊಟ್ಟು ಹುಲ್ಲು ತರ್ಸಿದೆ ಅಂದ್ರೆ ಊರಲ್ಲಿ ಯಾರೂ ನಂಬಲ್ಲ. ಉದ್ದಕ್ಕೆ ನಿಲ್ಲೋ ಐಟಂ ಬೇಕು ಅಂದ್ರೆ ಅಡಿಕೆ ಸಿಂಗಾರ, ಅಂದ್ರೆ ಅಡಿಕೆ ಮರದ ಹೂಗೊಂಚಲು ಇದೆ, ಒಣಗಿದ್ರೆ ತಿಳಿ ಕಂದು ಬಣ್ಣ ಬರುತ್ತೆ, ಸ್ವಲ್ಪ ಉದುರುತ್ತೆ ಅಷ್ಟೇ. ಅಡಿಕೆ ಉದುರಿಸಿದ ಮೇಲೆ ಉಳಿಯೋ ಖಾಲಿ ಕೊನೆ (ಗೊಂಚಲಿನ ಕಡ್ಡಿ) ಅಂತೂ ಉದುರೋ ಮಾತೇ ಇಲ್ಲ, ಅದನ್ನ ನಾವು ಗೊಬ್ಬರದ ಗುಂಡಿಗೆ ಎಸೀತೀವಿ ನೋಡು.

ಇನ್ನು ಭತ್ತದ ತೆನೆ. ಸಾಗರ ಸೊರಬ ಕಡೆ ದೀವರ ಸಮುದಾಯದ ಹೆಂಗಸ್ರು ತೆನೆ ಹೆಣೆದು ತೋರಣ ಮಾಡ್ತಾರಲ್ಲ, ಅವರು ಗೋಡೆಗೆ ಬರೆಯೋ ಹಸೆ ಚಿತ್ತಾರದ ಜೊತೆಗೆ ಗೋಡೇಲಿ ಅದೊಂದಿದ್ರೆ ಬೇರೆ ಎಂತದೂ ಬೇಡ, ಅಷ್ಟು ನಾಜೂಕಿನ ಕೆಲಸ ಅದು. ಮಾಡೋರ ಹತ್ರಾನೇ ತಗೋ, ಚೌಕಾಸಿ ಮಾಡ್ಬೇಡ. ಇಲಿ ಮಾತ್ರ ಬಿಡಲ್ಲ, ತಂತೀಲಿ ಇಳಿಬಿಟ್ಟು ಕಟ್ಟು.

ಬಣ್ಣ ಬೇಕಾದ್ರೆ ಪೇಪರ್ ಹೂ (ಸ್ಟ್ರಾಫ್ಲವರ್, ಬೋಗನ್‌ವಿಲ್ಲಾ ಅಲ್ಲ), ಕೋಳಿಜುಟ್ಟು, ಸ್ಟಾಟಿಸ್ ಅನ್ನೋ ಹೂವು ಇವೆಲ್ಲ ತಲೆಕೆಳಗೆ ಕಟ್ಟಿದ್ರೆ ಸಾಕು. ಇಬ್ಬನಿ ಆರಿದ ಮೇಲೆ ಕೊಯ್ಯಿ, ಪೇಪರ್ ಹೂವನ್ನ ಮಾತ್ರ ಪೂರ್ತಿ ಅರಳೋದಕ್ಕೆ ಬಿಡ್ಬೇಡ ಯಾಕಂದ್ರೆ ಅದು ಕೊಯ್ದ ಮೇಲೂ ಅರಳ್ತಾ ಹೋಗುತ್ತೆ. ಸಣ್ಣ ಸಣ್ಣ ಕಟ್ಟು ಮಾಡಿ ರಬ್ಬರ್ ಬ್ಯಾಂಡೇ ಹಾಕು, ದಾರ ಹಾಕಿದ್ರೆ ದಂಟು ಒಣಗಿ ಸಣ್ಣಾದಾಗ ಎಲ್ಲ ಜಾರಿ ಕೆಳಗೆ ಬೀಳುತ್ತೆ. ಕತ್ತಲೆ ಇರ್ಬೇಕು, ಗಾಳಿ ಆಡ್ಬೇಕು, ಎರಡು ಮೂರು ವಾರ ಮುಟ್ಟೋ ಹಾಗಿಲ್ಲ. ಬಿಸಿಲಿಗೆ ಹಾಕಿದ್ರೆ ಬೇಗ ಒಣಗುತ್ತೆ ಹೌದು, ಬಣ್ಣಾನೂ ಬೇಗ ಹೋಗುತ್ತೆ. ಕೆಂಪು ಗುಲಾಬಿ ಕಪ್ಪಾಗುತ್ತೆ, ಬಿಳಿ ಹೂವು ಕಂದಾಗುತ್ತೆ, ಹಳದಿ ಕೇಸರಿ ನೀಲಿ ಚೆನ್ನಾಗಿ ಉಳಿಯುತ್ತೆ.

ಡೇರೆ (ಡೇಲಿಯಾ) ಹೂವಿನ ಕತೆನೇ ಬೇರೆ. ಅದು ಅರಳೋದೇ ಮಳೆಗಾಲದಲ್ಲಿ, ಆಗ ಇಲ್ಲಿ ಒಗೆದ ಬಟ್ಟೇನೇ ಒಣಗಲ್ಲ, ಆಗುಂಬೇಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿಯುತ್ತೆ, ಅಂಥದ್ರಲ್ಲಿ ಡೇರೆ ತೂಗುಹಾಕಿದ್ರೆ ಬೂಸು ಗ್ಯಾರಂಟಿ. ಅದಕ್ಕೆ ತೇವ ಹೀರೋ ಸಿಲಿಕಾ ಜೆಲ್ ಹರಳು ತಗೋ, ಡಬ್ಬೀಲಿ ಹರಡಿ ಹೂವಿಟ್ಟು ಎಸಳಿನ ಸಂದೀಗೂ ಹೋಗೋ ಹಂಗೆ ನಿಧಾನ ಸುರಿದು ಮುಚ್ಚಳ ಬಿಗಿ ಮಾಡು, ಸುಮಾರು ಒಂದು ವಾರದಲ್ಲಿ ಆಕಾರ ಕೆಡದೆ ಒಣಗುತ್ತೆ. ನೀಲಿ ಹರಳಾದ್ರೆ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ, ಸಣ್ಣ ಬಿಸಿಗೆ ಕಾಯ್ಸಿದ್ರೆ ಮತ್ತೆ ನೀಲಿ. ಆದ್ರೆ ಆ ನೀಲಿ ಬಣ್ಣಕ್ಕೆ ಹಾಕೋ ಕೋಬಾಲ್ಟ್ ವಿಷ, ಮನೇಲಿ ಮಗು ಇದೆಯಲ್ಲ, ಕೇಸರಿ ಬಣ್ಣದ್ದು ಬರುತ್ತೆ, ಅದನ್ನೇ ತಗೋ, ಅದನ್ನೂ ಕೈಗೆ ಸಿಗೋ ಹಂಗೆ ಇಡ್ಬೇಡ.

ಅಮ್ಮ ಒಪ್ಪಲ್ಲ, ಬಾಡಿದ ಹೂವು ಮನೇಲಿ ಇರಬಾರ್ದು ಅಂತಾರೆ ಅಂದ್ಯಲ್ಲ. ಅವರ ಬೀರು ತೆಗೆದು ರೇಷ್ಮೆ ಸೀರೆ ಮಧ್ಯೆ ಮೂಸಿ ನೋಡು, ಸುರಗಿ ಇರುತ್ತೆ ಇಲ್ಲ ರಂಜೆ (ಬಕುಳ) ಹೂವು ಇರುತ್ತೆ. ಒಣಗಿದ ಮೇಲೂ ಎಷ್ಟೋ ಕಾಲ ಪರಿಮಳ ಬಿಡದೇ ಇರೋ ಹೂವು ಅವು. ನಂಗೆ ಕೇಳಿದ್ರೆ ಮುಂದಿನ ಹಾಲ್‌ನಲ್ಲಿ ಬಟ್ಟಲು ತುಂಬ ಸುರಗಿ ಇಟ್ರೆ ಸಾಕು, ಆ ರೂಮ್ ಫ್ರೆಶ್ನರ್ ಎಲ್ಲ ದಂಡ. ದೇವರ ಮನೆ ಹತ್ರ ಮಾತ್ರ ಇಡ್ಬೇಡ, ಅದು ಅವರ ಜಾಗ, ವಾದ ಮಾಡಿ ಪ್ರಯೋಜನ ಇಲ್ಲ.

ಜೂನ್ ಬಂತು ಅಂದ್ರೆ ನಾನು ಎಲ್ಲ ಇಳಿಸಿ ಡಬ್ಬಿಗೆ ತುಂಬ್ತೀನಿ, ದೀಪಾವಳಿ ಕಳೆದ ಮೇಲೆ ವಾಪಸ್ ತೆಗೆಯೋದು. ಬೆಂಗಳೂರಲ್ಲಿ ಅಷ್ಟು ರಗಳೆ ಇಲ್ಲ, ಅಡುಗೆಮನೆ ಎಣ್ಣೆ ಜಿಡ್ಡು ತಾಗದ ಕಡೆ ಇಡು, ಧೂಳಿಗೆ ಪೇಂಟ್ ಬ್ರಷ್ ಸಾಕು, ಬಟ್ಟೆ ಹಾಕಿ ಒರೆಸೋಕೆ ಹೋದ್ರೆ ಪುಡಿ.

ಅಡಿಕೆ ಕೊನೆ ಕೊಯ್ಲು ಟೈಮಿಗೆ ಬಾ, ಖಾಲಿ ಕೊನೆ ಎಷ್ಟು ಬೇಕಾದ್ರೂ ತಗೊಂಡು ಹೋಗು. ಬಸ್ಸಿನ ಡಿಕ್ಕೀಲಿ ಹಾಕ್ಬೇಡ ಮತ್ತೆ, ಕಾರೇ ತಗೊಂಡು ಬಾ.