ಬೀರುಗಳ ಬೀಗ ತೆಗೆಸಿದವರಿಗೆ

ಎಂಟು ತಿಂಗಳು ಮುಚ್ಚಿದ್ದ ರಾಯಚೂರಿನ ನಮ್ಮ ವಾಚನಾಲಯದ ಬಾಗಿಲು ಆಗಸ್ಟ್ 12ರಂದು ತೆರೆಯಿತು. ಕನ್ನಡ, ಉರ್ದು, ತೆಲುಗು ಮೂರೂ ಸೇರಿ ಸುಮಾರು 7,000 ಪುಸ್ತಕಗಳು ಧೂಳು ಒರೆಸಿಕೊಂಡು, ನಂಬರು ಬರೆಸಿಕೊಂಡು, ಬೆನ್ನಿಗೆ ಚೀಟಿ ಅಂಟಿಸಿಕೊಂಡು ರ‍್ಯಾಕು ಹತ್ತಿವೆ. ಕೈಜೋಡಿಸಿದ ಎಲ್ಲರಿಗೂ ಧನ್ಯವಾದ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಹಾಗೆ ಮಾಡಿದರೆ ಯಾರು ಏನು ಮಾಡಿದರು, ಅದು ಯಾಕೆ ಬೇಕಾಗಿತ್ತು ಅನ್ನುವುದು ಉಳಿಯುವುದಿಲ್ಲ. ನಾಳೆ ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಯಾರಾದರೂ ಇಂಥ ಕೆಲಸಕ್ಕೆ ಇಳಿದರೆ ಅವರಿಗೂ ಒದಗಲಿ ಎಂದು ವಿವರದ ಸಮೇತ ಬರೆದಿದ್ದೇವೆ.

ಮೊದಲು ನೆನೆಯಬೇಕಾದವರು ಈ ಊರಿನವರಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಶಿಯಾಳಿ ರಾಮಾಮೃತ ರಂಗನಾಥನ್. ಆಗಸ್ಟ್ 12 ಗ್ರಂಥಪಾಲಕರ ದಿನವಾದದ್ದು ಅದು ಅವರ ಜನ್ಮದಿನವೆಂದು. ಅವರು ನಿಜವಾಗಿ ಹುಟ್ಟಿದ್ದು 1892ರ ಆಗಸ್ಟ್ 9ರಂದು ಎಂದೂ ಹೇಳುತ್ತಾರೆ. ಸೂಚಿಯ ಒಂದು ಅಲ್ಪವಿರಾಮವನ್ನೂ ಬಿಡದ ಮನುಷ್ಯನ ಜನ್ಮದಿನಕ್ಕೇ ಎರಡು ನಮೂದು!

ಅವರು ಗಣಿತದ ಮೇಷ್ಟ್ರು. 1917ರಲ್ಲಿ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ಕೂತಾಗ ಕೆಲವೇ ದಿನಕ್ಕೆ ಬೇಸರ ಬಂತು, ಪಾಠ ಹೇಳಲು ವಾಪಸ್ ಹೋಗುತ್ತೇನೆ ಎಂದರು. ಒಮ್ಮೆ ಲಂಡನ್ನಿಗೆ ಹೋಗಿ ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಅವರನ್ನು ಒಪ್ಪಿಸಿದರು. ಅಲ್ಲಿ ಬರ್ವಿಕ್ ಸೇಯರ್ಸ್ ಬಳಿ ವರ್ಗೀಕರಣ ಕಲಿತರು, ನೂರಕ್ಕೂ ಹೆಚ್ಚು ಗ್ರಂಥಾಲಯ ಸುತ್ತಿದರು. ಒಂದು ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸಿದಂತೆ ಬೇರೆ ಬೇರೆ ಯಂತ್ರ. ಪುಸ್ತಕದ ವಿಷಯವನ್ನೂ ಹೀಗೇ ಬಿಡಿಭಾಗಗಳಿಂದ ಕಟ್ಟಬಹುದಲ್ಲ ಎಂದು ಹೊಳೆದದ್ದೇ 1933ರಲ್ಲಿ ದ್ವಿಬಿಂದು ವರ್ಗೀಕರಣವಾಗಿ ಅಚ್ಚಾಯಿತು. ಎಲ್ಲರ ಬಾಯಲ್ಲಿ ಅದು ಕೋಲನ್.

ಬಹಿರಂಗವಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಕೋಲನ್ ಬಳಸಲಿಲ್ಲ, ವಿಷಯಕ್ಕೊಂದು ದಶಮಾಂಶ ನಂಬರು ಕೊಡುವ ಡ್ಯೂಯಿ ಪದ್ಧತಿ ಬಳಸಿದೆವು. ಡ್ಯೂಯಿ ನಂಬರು ಬೇರೆ ಗ್ರಂಥಾಲಯಗಳ ದಾಖಲೆಯಿಂದ ಸಿದ್ಧವಾಗಿ ಸಿಗುತ್ತದೆ, ಮುಂದೆ ಬರುವವರು ಕಲಿತಿರುವುದೂ ಬಹುಪಾಲು ಅದನ್ನೇ. ಆದರೆ ಡ್ಯೂಯಿ ನಂಬರು ಹಾಕುವಾಗಲೆಲ್ಲ ವಿಷಯವನ್ನು ಬಿಡಿಸಿ ನೋಡುವುದನ್ನು ಕಲಿಸಿದ್ದು ರಂಗನಾಥನ್. 'ತುಂಗಭದ್ರಾ ಎಡದಂಡೆಯಲ್ಲಿ ಭತ್ತದ ರೋಗ ಹತೋಟಿ' ಎಂಬ ವರದಿ ಕೈಗೆ ಬಂತು ಅನ್ನಿ. ಯಾವ ಬೆಳೆ, ಅದಕ್ಕೆ ಏನಾಗಿದೆ, ಏನು ಮಾಡುತ್ತಿದ್ದಾರೆ, ಎಲ್ಲಿ, ಯಾವಾಗ ಎಂದು ಬಿಡಿಸಿದರೆ ಭತ್ತವೇ ಮುಖ್ಯ, 633.18ಕ್ಕೆ ಹೋಗಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಬಿಡಿಸದೆ ಹೆಸರಿನ ಮೊದಲ ಪದ ನೋಡಿ ನಂಬರು ಕೊಟ್ಟರೆ ಅದು ನೀರಾವರಿಯ ಪಕ್ಕ ಹೋಗಿ ಕೂರುತ್ತದೆ. ಹುಡುಕಿ ಬಂದ ರೈತನಿಗೆ ಸಿಗುವುದೇ ಇಲ್ಲ.

ನಿಜವಾದ ತಲೆನೋವು ಸಾಹಿತ್ಯದ್ದು. ಕನ್ನಡ ಸಾಹಿತ್ಯ 894.814. ಕಾವ್ಯಕ್ಕೆ 894.8141, ನಾಟಕಕ್ಕೆ 894.8142, ಕಥೆ ಕಾದಂಬರಿಗೆ 894.8143. ಊರ ವಾಚನಾಲಯ ಅಂದಮೇಲೆ ಅರ್ಧದಷ್ಟು ಪುಸ್ತಕ ಈ ಕೊನೆಯ ನಂಬರಿಗೇ ಬೀಳುತ್ತವೆ. ನಂಬರಿನಿಂದ ಮಾತ್ರ ಏನನ್ನೂ ಹುಡುಕಲಾಗುವುದಿಲ್ಲ. ಹಾಗಾಗಿ ಕೆಳಗಿನ ಸಾಲಿನಲ್ಲಿ ಲೇಖಕರ ಹೆಸರಿನ ಮೊದಲ ಎರಡು ಅಕ್ಷರ, ಅದರ ಕೆಳಗೆ ಪುಸ್ತಕದ ಹೆಸರಿನ ಮೊದಲ ಅಕ್ಷರ, ಎರಡೂ ಕನ್ನಡದಲ್ಲೇ. ಸೊನ್ನೆ, ಒತ್ತಕ್ಷರ ಇರುವ ಹೆಸರು ಯಾವುದರ ಮುಂದೆ, ಯಾವುದರ ಹಿಂದೆ ಎಂಬುದನ್ನು ಮೊದಲೇ ನಿರ್ಧರಿಸಿ, ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಇಲ್ಲದಿದ್ದರೆ ಬೆಳಿಗ್ಗೆ ಜೋಡಿಸಿದವರದು ಒಂದು ಕ್ರಮ, ಸಂಜೆ ಜೋಡಿಸಿದವರದು ಇನ್ನೊಂದು.

ದಾಸ ಸಾಹಿತ್ಯ ಎಲ್ಲಿಗೆ ಅನ್ನುವ ಜಗಳ ಮೂರು ವಾರ ನಡೆಯಿತು. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇದ್ದ ಜಿಲ್ಲೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಕೃತಿ ಸಂಪುಟಗಳೆಲ್ಲ ಕಾವ್ಯಕ್ಕೆ, ತತ್ತ್ವ ವಿವೇಚನೆಯ ಪುಸ್ತಕಗಳು ವೈಷ್ಣವ ಧರ್ಮದ 294.5512ಕ್ಕೆ ಎಂದು ಕೊನೆಗೆ ಒಪ್ಪಂದವಾಯಿತು. ವಚನಗಳಿಗೂ ಅದೇ ಸೂತ್ರ, ಅಲ್ಲಿ ತತ್ತ್ವದ ಕಡೆ 294.5513. ಸರಿಯೋ ತಪ್ಪೋ ಎಂಬುದಕ್ಕಿಂತ, ಒಮ್ಮೆ ತೀರ್ಮಾನಿಸಿದ್ದನ್ನು ನಿರ್ಣಯ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುವುದು ಮುಖ್ಯ. ಆ ಪುಸ್ತಕವನ್ನು ಸುಂದರ ಅಕ್ಷರದಲ್ಲಿ ಬರೆದುಕೊಟ್ಟ ಇಬ್ಬರು ಕಾಲೇಜು ಹುಡುಗಿಯರಿಗೆ, ಜಗಳದಲ್ಲಿ ಸೋತರೂ ಮರುದಿನ ಕೆಲಸಕ್ಕೆ ಬಂದ ನಿವೃತ್ತ ಮಾಸ್ತರರಿಗೆ ನಮಸ್ಕಾರ.

ಉರ್ದು ಶಾಲೆಯ ಮಾಸ್ತರರು ಇಲ್ಲದಿದ್ದರೆ ಉರ್ದು ಸಾಹಿತ್ಯದ 891.439 ಖಾಲಿ ಉಳಿಯುತ್ತಿತ್ತು. ಉರ್ದು ಪುಸ್ತಕ ತೆರೆಯುವುದು ಬಲಗಡೆಯಿಂದ. ಅದನ್ನು ಓದಲು ಬಾರದವರು ಕನ್ನಡ ಪುಸ್ತಕದಂತೆ ಹಿಡಿದರೆ ವಾಚನಾಲಯದ ಮುದ್ರೆ ಕೊನೆಯ ಪುಟಕ್ಕೆ ಬೀಳುತ್ತದೆ, ಬಾರ್‌ಕೋಡ್ ಹಿಂದಿನ ರಟ್ಟಿಗೆ ಅಂಟುತ್ತದೆ, ಎಷ್ಟೋ ಸಲ ಪುಸ್ತಕ ರ‍್ಯಾಕಿನಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ಹೀಗೆ ಕೆಟ್ಟಿದ್ದ ಪುಸ್ತಕಗಳನ್ನೆಲ್ಲ ಅವರು ರಂಜಾನ್ ತಿಂಗಳಲ್ಲೂ ಮಧ್ಯಾಹ್ನ ಬಂದು ಸರಿಮಾಡಿಕೊಟ್ಟರು. ತೆಲುಗಿನ 894.827ಕ್ಕೆ ಇಂಥ ಕಷ್ಟ ಇರಲಿಲ್ಲ. ಈ ಊರಲ್ಲಿ ತೆಲುಗು ಓದುವವರಿಗೆ ಬರವೇ?

ರಂಗನಾಥನ್ ಅವರಿಗೆ ನಾವು ಅತಿ ಹೆಚ್ಚು ಋಣಿಯಾಗಿರುವುದು ಗ್ರಂಥಾಲಯ ಹೇಗಿರಬೇಕೆಂದು ಅವರು ಹೇಳಿದ ಐದು ಸೂತ್ರಗಳಿಗಲ್ಲ, ಸರಪಳಿ ಸೂಚಿಗೆ. ಸೂತ್ರಗಳನ್ನು ಆಗಸ್ಟ್ 12ರಂದು ಎಲ್ಲ ಭಾಷಣಕಾರರೂ ಹೇಳುತ್ತಾರೆ, ಸರಪಳಿಯನ್ನು ಯಾರೂ ನೆನೆಯುವುದಿಲ್ಲ. ಮಾಡುವುದು ಸುಲಭ. ನಂಬರಿನ ಕೊನೆಯಿಂದ ಒಂದೊಂದೇ ಅಂಕಿ ಕಳಚುತ್ತಾ, ಪ್ರತಿ ಹಂತಕ್ಕೂ ಜನ ಕೇಳುವ ಹೆಸರು ಬರೆಯುತ್ತಾ ಮೇಲಕ್ಕೆ ಹೋಗಬೇಕು. ಭತ್ತ 633.18. ಏಕದಳ ಧಾನ್ಯ 633.1. ಹೊಲದ ಬೆಳೆ 633. ಕೃಷಿ 630. ಒಂದೊಂದಕ್ಕೆ ಒಂದು ಕಾರ್ಡು, 12.5 ಸೆಂಟಿಮೀಟರ್ ಅಗಲ, 7.5 ಸೆಂಟಿಮೀಟರ್ ಎತ್ತರ. ಇಲ್ಲಿ ನೆಲ್ಲು ಎಂದು ಕೇಳುವವರೂ ಇದ್ದಾರೆ, ಅವರಿಗಾಗಿ 'ನೆಲ್ಲು: ಭತ್ತ ನೋಡಿ' ಎಂದು ಇನ್ನೊಂದು. ಹತ್ತಿ 633.51ಕ್ಕೆ ಬಂದಾಗ ಮೇಲಿನ ಎರಡು ಕಾರ್ಡು ಆಗಲೇ ಸಿದ್ಧವಿರುತ್ತವೆ. ಕೆಲಸ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಗಣಿತದವರ ಬುದ್ಧಿ ಕಾಣುವುದು ಇಲ್ಲೇ.

ಬೀರುಗಳ ವಿಷಯಕ್ಕೆ ಬರೋಣ. ಬೀಗ ಹಾಕಿದ ಗಾಜಿನ ಬೀರುಗಳನ್ನು ತೆಗೆದು ತೆರೆದ ರ‍್ಯಾಕು ಹಾಕಬೇಕೆಂದಾಗ, ಪುಸ್ತಕ ಕಳುವಾಗುತ್ತವೆ ಎಂಬ ಮಾತು ಬಂದೇ ಬಂತು. ಪುಸ್ತಕಗಳಿರುವುದು ಬಳಕೆಗೆ ಎಂದು 1931ರಲ್ಲೇ ಅಚ್ಚಾದ ಮೊದಲ ಸೂತ್ರ ಬೀಗದ ವಿರುದ್ಧವೇ ಬಂದದ್ದು. ನೆಲದ ಮೇಲೆ ನಿಂತ ಸಾಧಾರಣ ಎತ್ತರದ ಓದುಗನ ಕೈಗೆ ಮೇಲಿನ ಹಲಗೆ ಎಟುಕಬೇಕು ಎಂಬುದನ್ನೂ ರಂಗನಾಥನ್ ಬರೆದಿದ್ದರು. ವೆಲ್ಡಿಂಗ್ ಅಂಗಡಿಯವರು ಏಳು ಹಲಗೆಯ ರ‍್ಯಾಕು ಸಿದ್ಧ ಇಟ್ಟಿದ್ದರು. ನಮಗಾಗಿ ಆರು ಹಲಗೆಯದನ್ನು ಬೇರೆಯಾಗಿ ಕೂಡಿಸಿಕೊಟ್ಟರು, ಹೆಚ್ಚಿನ ಕೂಲಿ ಕೇಳಲಿಲ್ಲ. ಒಂದೊಂದು ಹಲಗೆ ಮೂರು ಅಡಿ. ಒತ್ತಿ ಇಟ್ಟರೆ 35 ಪುಸ್ತಕ ಹಿಡಿಯುತ್ತವೆ, ನಾವು 25 ಮಾತ್ರ ಇಟ್ಟಿದ್ದೇವೆ. ಗ್ರಂಥಾಲಯ ಬೆಳೆಯುವ ಜೀವಿ ಎನ್ನುವ ಐದನೆಯ ಸೂತ್ರಕ್ಕೆ ನಮ್ಮಲ್ಲಿ ಇರುವ ಅರ್ಥ ಆ ಖಾಲಿ ಜಾಗ. ತುಂಬಿಸಿಟ್ಟರೆ ಹೊಸ ಹತ್ತು ಪುಸ್ತಕ ಬಂದ ದಿನ ಇಡೀ ಸಾಲನ್ನೇ ಸರಿಸಬೇಕಾಗುತ್ತದೆ. ಎರಡು ಮುಖದ ರ‍್ಯಾಕು ಒಂದಕ್ಕೆ 300ರಂತೆ ಒಟ್ಟು 24 ಬೇಕಾದವು. ಅವುಗಳ ತುದಿ ಗೋಡೆಯಿಂದ ಅರ್ಧ ಅಡಿ ದೂರ, ಕೆಳಗಿನ ಹಲಗೆ ನೆಲದಿಂದ ನಾಲ್ಕು ಇಂಚು ಮೇಲೆ. ಗೆದ್ದಲು ಗೋಡೆಯ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ರ‍್ಯಾಕನ್ನು ಗೋಡೆಗೆ ಆನಿಸಿಟ್ಟರೆ ಆ ದಾರಿ ಕಣ್ಣಿಗೇ ಬೀಳುವುದಿಲ್ಲ.

ಹೋದ ವರ್ಷದ ಮಳೆಗೆ ಸೋರಿ ನೆಂದಿದ್ದ ಪುಸ್ತಕಗಳನ್ನು ಉಳಿಸಿದ್ದು ಬೈಂಡಿಂಗ್ ಅಣ್ಣ. ನೆಂದ ಪುಸ್ತಕವನ್ನು ರಾಯಚೂರಿನ ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗಿ ಹಾಳೆ ಗರಿಗರಿಯಾಗುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ, ಹಾಳೆಗಳ ನಡುವೆ ಹೀರುವ ಕಾಗದ ಇಟ್ಟು ಬದಲಿಸುತ್ತಿರಬೇಕು. ನುಣುಪು ಕಾಗದದ ಚಿತ್ರಪುಟಗಳು ಒಮ್ಮೆ ಅಂಟಿ ಒಣಗಿದರೆ ಮುಗಿಯಿತು, ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ಅವನ್ನೇ ಮೊದಲು ಬಿಡಿಸಬೇಕು. ಅಂಟು ಮೈದಾದ್ದು, ಒಂದಕ್ಕೆ ಆರು ಪಾಲು ನೀರು, ಅರೆಪಾರದರ್ಶಕ ಆಗುವ ತನಕ ಕಾಯಿಸಬೇಕು. ಹುಳು ಬಾರದಿರಲೆಂದು ಹಾಕುವ ಮೈಲುತುತ್ತ ಚಿಟಿಕೆ ಮಾತ್ರ. ಹೆಚ್ಚಾದರೆ ಕಾಗದವನ್ನೇ ತಿನ್ನುತ್ತದೆ, ಅದಕ್ಕೇ ರಟ್ಟಿನ ಕಡೆಗೆ ಮಾತ್ರ ಹಚ್ಚಿ ಹಾಳೆಗೆ ಬರೀ ಮೈದಾ ಅಂಟು ಹಚ್ಚಿದರು. ಮೈಲುತುತ್ತ ವಿಷ, ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿದರೆ ತಾಮ್ರವೆಲ್ಲ ಪಾತ್ರೆಗೇ ಹಿಡಿಯುತ್ತದೆ, ಪ್ಲಾಸ್ಟಿಕ್ ಡಬ್ಬವೇ ಆಗಬೇಕು. ಇಷ್ಟನ್ನೂ ಅವರು ಕೈಯಲ್ಲಿ ಮಾಡುತ್ತಾ ಹೇಳಿದ್ದು.

ಕಂಪ್ಯೂಟರಿನ ಕೆಲಸ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳದು. ಪುಸ್ತಕದ ಪಟ್ಟಿ ಇಡುವ ಕೊಹಾ ಉಚಿತ ತಂತ್ರಾಂಶ, ಆದರೆ ಹಾಕಿದ ಕೂಡಲೇ ಕನ್ನಡ ಹುಡುಕಿದರೆ ಸರಿಯಾಗಿ ಸಿಗುವುದಿಲ್ಲ. ಅದರೊಳಗೆ ಹುಡುಕುವ ಕೆಲಸ ಮಾಡುವ ಜೀಬ್ರಾ ಸೂಚಿಯನ್ನು, ಯುನಿಕೋಡ್ ಅಕ್ಷರ ಅರಿಯುವ ಐಸಿಯು ವಿಧಾನಕ್ಕೆ ಬದಲಿಸಿ ಮತ್ತೆ ಕಟ್ಟಿಸಬೇಕು. ಹಳೆಯ ಪಟ್ಟಿ ನುಡಿ ಅಕ್ಷರಶೈಲಿಯಲ್ಲಿತ್ತು. ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಇರುವ ಪದಗಳು ಒಡೆದವು, ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಾಗುಣಿತ ಹುಟ್ಟಿಕೊಂಡವು. ಯಂತ್ರದ ಭರವಸೆ ಬಿಟ್ಟು, ಬಂದ ಪುಸ್ತಕಗಳನ್ನು ಒಂದೊಂದಾಗಿ ಬರೆದಿಡುವ ಅಕ್ಸೆಶನ್ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ತಾಳೆ ನೋಡಿದರು. ಇನ್ನು ಹೆಸರುಗಳು. ಬೇಂದ್ರೆ, ದ.ರಾ. ಬೇಂದ್ರೆ, ಅಂಬಿಕಾತನಯದತ್ತ ಮೂರೂ ಒಬ್ಬರೇ ಎಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ. ಭಾರತೀಯರ ಹೆಸರಿನಲ್ಲಿ ಯಾವ ಭಾಗವನ್ನು ಮುಂದಿಡಬೇಕು ಎಂಬುದಕ್ಕೆ 1934ರ ತಮ್ಮ ಸೂಚಿ ಸಂಹಿತೆಯಿಂದ ಹಿಡಿದು ನಿಯಮ ಕಟ್ಟುತ್ತಾ ಬಂದವರೂ ರಂಗನಾಥನ್ ಅವರೇ. ಆ ಕೆಲಸ ಇಂದಿಗೂ ಮುಗಿದಿಲ್ಲ.

ಕೆಲಸ ನಿಧಾನವಾಯಿತೆಂದು ಬೇಜಾರಾದಾಗಲೆಲ್ಲ ಬನಾರಸ್ಸಿನ ಲೆಕ್ಕ ನೆನಪಾಗುತ್ತಿತ್ತು. 1945ರಿಂದ 1947ರವರೆಗೆ ಅಲ್ಲಿನ ಹಿಂದೂ ವಿಶ್ವವಿದ್ಯಾಲಯದಲ್ಲಿ ರಂಗನಾಥನ್ ಒಬ್ಬರೇ ಸುಮಾರು ಒಂದು ಲಕ್ಷ ಪುಸ್ತಕ ವರ್ಗೀಕರಿಸಿದರು. ಹನ್ನೊಂದು ಜನರ ನಮಗೆ 7,000ಕ್ಕೆ ಎಂಟು ತಿಂಗಳು! ಬೇಜಾರು ಕಡಿಮೆಯಾಗಲಿಲ್ಲ, ಮಾತು ಕಡಿಮೆಯಾಯಿತು.

ನಮ್ಮ ಕಡೆಯವರೇ ಮರೆತ ಒಂದು ಸಂಗತಿಯನ್ನೂ ಇಲ್ಲಿ ಬರೆದಿಡಬೇಕು. ಗ್ರಂಥಾಲಯ ದಾನದಿಂದ ನಡೆಯಬಾರದು, ಕಾನೂನು ಮತ್ತು ಕರದ ಬಲದಿಂದ ನಡೆಯಬೇಕು ಎಂದು ರಂಗನಾಥನ್ ದಶಕಗಳ ಕಾಲ ದುಡಿದ ಫಲ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಸ್ವತಂತ್ರ ಭಾರತದಲ್ಲಿ ಮೊದಲನೆಯದು. ಬಳ್ಳಾರಿ ಆಗ ಮದರಾಸಿನಲ್ಲೇ ಇತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಎರಡನೆಯದು 1955ರ ಹೈದರಾಬಾದ್ ಕಾಯ್ದೆ. ರಾಯಚೂರು, ಅದರೊಳಗಿದ್ದ ಕೊಪ್ಪಳ, ಆಗ ಹೈದರಾಬಾದ್ ರಾಜ್ಯದ್ದು. ಮೈಸೂರು ರಾಜ್ಯ ತನ್ನ ಕಾಯ್ದೆ ಮಾಡಿಕೊಂಡಿದ್ದು 1965ರಲ್ಲಿ. ಅಂದರೆ ಹಿಂದುಳಿದ ಪ್ರದೇಶ ಅನ್ನಿಸಿಕೊಂಡ ಈ ಮೂರು ಜಿಲ್ಲೆಯ ನೆಲಕ್ಕೆ ಗ್ರಂಥಾಲಯ ಕಾನೂನು, ಕಾಗದದ ಮೇಲಾದರೂ, ಹಳೇ ಮೈಸೂರಿಗಿಂತ ಕನಿಷ್ಠ ಹತ್ತು ವರ್ಷ ಮುಂಚೆಯೇ ಬಂದಿತ್ತು. ಆಮೇಲೆ ಏನಾಯಿತು ಎಂಬುದನ್ನು ಕೃತಜ್ಞತೆಯ ಬರಹದಲ್ಲಿ ಬರೆಯುವುದು ಬೇಡ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಅಲ್ಲಿ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು, 1972ರ ಸೆಪ್ಟೆಂಬರ್ 27ರಂದು ಅಲ್ಲೇ ತೀರಿಕೊಂಡರು.

ಎಂಟು ತಿಂಗಳು ಬಾಗಿಲ ಬಳಿ ಬಂದು, ಆಯಿತೇನ್ರೀ ಎಂದು ಕೇಳಿ, ಬೈಯದೆ ಹೋದ ಓದುಗರಿಗೆ ಕೊನೆಯ ನಮಸ್ಕಾರ. ಪುಸ್ತಕ ನೋಡಿದ ಮೇಲೆ ದಯವಿಟ್ಟು ರ‍್ಯಾಕಿಗೆ ನೀವೇ ವಾಪಸ್ ಇಡಬೇಡಿ, ಮೇಜಿನ ಮೇಲೆ ಬಿಟ್ಟುಹೋಗಿ. ತಪ್ಪು ಜಾಗಕ್ಕೆ ಸೇರಿದ ಪುಸ್ತಕ ಮುಂದಿನ ತಪಾಸಣೆಯ ತನಕ ಕಳೆದುಹೋದಂತೆಯೇ. ಉರ್ದು ಸರಪಳಿ ಸೂಚಿ ಇನ್ನೂ ಅರ್ಧ ಬಾಕಿ ಇದೆ. ಉರ್ದು ಬರೆಯಲು ಬರುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರೆ ಕಾರ್ಡು, ಪೆನ್ನು, ಚಹಾ ನಮ್ಮ ಕಡೆಯಿಂದ.