ನಗದು ಎಣಿಸುವವರು ಬ್ಯಾಕಪ್ಪನ್ನೂ ತೆರೆದು ನೋಡಲಿ

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಗೆ ಬರುವವರು ಮೊದಲು ಕಬ್ಬಿಣದ ಪೆಟ್ಟಿಗೆ ತೆರೆಸಿ ನಗದು ಶಿಲ್ಕನ್ನು ಎಣಿಸುತ್ತಾರೆ. ಅನಂತರ ಪಶು ಆಹಾರದ ಮೂಟೆಗಳನ್ನು ದಾಸ್ತಾನು ಪುಸ್ತಕದೊಡನೆ ತಾಳೆ ನೋಡುತ್ತಾರೆ, ಬ್ಯಾಂಕ್ ಪಾಸ್‌ಬುಕ್ ಕೇಳುತ್ತಾರೆ, ನಡಾವಳಿ ಪುಸ್ತಕದಲ್ಲಿ ಸಹಿಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಇವೆಲ್ಲವೂ ಆಗಬೇಕಾದ ಕೆಲಸಗಳೇ. ಆದರೆ ಸದಸ್ಯರ ಷೇರು, ಸಾಲ, ಹಾಲಿನ ಬಟವಾಡೆ, ಬೋನಸ್ ಎಲ್ಲದರ ಲೆಕ್ಕವೂ ಈಗ ಒಂದು ಕಂಪ್ಯೂಟರಿನೊಳಗಿದೆ. ಆ ಕಂಪ್ಯೂಟರ್ ನಾಳೆ ಬೆಳಿಗ್ಗೆ ತೆರೆಯದೆ ಹೋದರೆ ಲೆಕ್ಕವನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದ ಒಬ್ಬ ಪರಿಶೋಧಕರನ್ನೂ, ಮಂಡ್ಯ ತಾಲ್ಲೂಕಿನ ಹಾಲು ಉತ್ಪಾದಕರ ಸಂಘವೊಂದರ ಲೆಕ್ಕ ಬರೆಯುತ್ತಿರುವ ನಾನು ಹದಿನಾಲ್ಕು ವರ್ಷಗಳಲ್ಲಿ ಕಂಡಿಲ್ಲ. ಆ ಪ್ರಶ್ನೆ ಪರಿಶೋಧನೆಯ ಕಡ್ಡಾಯ ಭಾಗವಾಗಬೇಕೆಂಬ ಕೋರಿಕೆಯನ್ನು ತಮ್ಮ ಪತ್ರಿಕೆಯ ಮೂಲಕ ಸಹಕಾರ ಇಲಾಖೆಯ ಮುಂದಿಡುತ್ತಿದ್ದೇನೆ.

ನಾವು ಪೆಟ್ಟು ತಿಂದವರು. ಆದ್ದರಿಂದಲೇ ಈ ಕೋರಿಕೆ. ಎರಡು ವರ್ಷಗಳ ಹಿಂದೆ ಒಂದು ಸೋಮವಾರ, ಬೆಳಗಿನ ಹಾಲು ಅಳೆದು ಗಾಡಿ ಹೋದ ಮೇಲೆ, ಬಟವಾಡೆ ಪಟ್ಟಿ ತಯಾರಿಸಲೆಂದು ಕಚೇರಿಯ ಕಂಪ್ಯೂಟರ್ ತೆರೆದೆ. ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಅರ್ಥವಾಗದ ಅಕ್ಷರಗಳು ಸೇರಿಕೊಂಡಿದ್ದವು, ಯಾವುದೂ ತೆರೆಯುತ್ತಿರಲಿಲ್ಲ. ಓದಲು ಸಾಧ್ಯವಿದ್ದ ಒಂದೇ ಒಂದು ಕಡತದಲ್ಲಿ, ಬೀಗ ತೆಗೆಯುವ ಕೀಲಿ ಬೇಕಿದ್ದರೆ ಬಿಟ್‌ಕಾಯಿನ್ ಮೂಲಕ ಹಣ ಕಳುಹಿಸಬೇಕೆಂಬ ಸೂಚನೆಯಿತ್ತು. ಲೆಕ್ಕದ ತಂತ್ರಾಂಶದ ದೋಷವೊಂದನ್ನು ದೂರದಿಂದಲೇ ಸರಿಪಡಿಸಲೆಂದು ಹಿಂದೊಮ್ಮೆ ಕೊಟ್ಟಿದ್ದ ಸಂಪರ್ಕ, ಕೆಲಸ ಮುಗಿದ ಮೇಲೂ ಯಾರು ಬೇಕಾದರೂ ಊಹಿಸಬಹುದಾದ ಪಾಸ್‌ವರ್ಡ್‌ನೊಂದಿಗೆ ತೆರೆದೇ ಉಳಿದಿತ್ತು. ರ‍್ಯಾನ್ಸಮ್‌ವೇರ್ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ ಆ ದಾರಿಯಲ್ಲೇ ಬಂದಿರಬೇಕೆಂದು ಬಂದು ನೋಡಿದ ತಂತ್ರಜ್ಞರು ಹೇಳಿದರು.

ನಮ್ಮಲ್ಲಿ ನಕಲು ಇರಲಿಲ್ಲವೆಂದು ಯಾರೂ ಭಾವಿಸಬಾರದು. ಒಂದಲ್ಲ, ಮೂರು ಇದ್ದವು. ಕಾರ್ಯದರ್ಶಿಯವರ ಮೇಜಿನ ಕಂಪ್ಯೂಟರಿಗೆ ಲೆಕ್ಕದ ಫೋಲ್ಡರ್ ತಾನೇ ತಾನಾಗಿ ಸಿಂಕ್ ಆಗುತ್ತಿತ್ತು. ಅದೇ ಫೋಲ್ಡರ್ ಆನ್‌ಲೈನ್ ಡ್ರೈವ್ ಒಂದಕ್ಕೂ ಹೋಗುತ್ತಿತ್ತು. ಇವೆರಡೂ ಸಾಲದೆಂದು ಹಣ ಕೊಟ್ಟು ತಂದ ಹಾರ್ಡ್‌ಡಿಸ್ಕ್ ಒಂದು ಸಿಪಿಯು ಹಿಂಬದಿಗೆ ಸದಾ ಸಿಕ್ಕಿಸಿಕೊಂಡೇ ಇದ್ದು, ಪ್ರತಿ ರಾತ್ರಿ ಬ್ಯಾಕಪ್ ತೆಗೆದುಕೊಳ್ಳುತ್ತಿತ್ತು. ಆ ಸೋಮವಾರ ಮೂರೂ ಕಡೆ ಇದ್ದದ್ದು ಅದೇ ತೆರೆಯದ ಕಡತಗಳು.

ಹೀಗೇಕೆ ಆಯಿತೆಂಬುದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಸಿಂಕ್ ಎಂಬುದು ಎರಡು ಕಡೆಯ ಕಡತಗಳನ್ನು ಸದಾ ಒಂದೇ ಸ್ಥಿತಿಯಲ್ಲಿಡುವ ವ್ಯವಸ್ಥೆ. ಇಲ್ಲಿ ಒಂದು ಅಂಕಿ ತಿದ್ದಿದರೆ ಅಲ್ಲಿಯೂ ತಿದ್ದುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸುತ್ತದೆ. ಕಳ್ಳನು ಬೀಗ ಹಾಕಿದ ಕಡತವೂ ಅದರ ಕಣ್ಣಿಗೆ ಈಗಷ್ಟೇ ಬದಲಾದ ಇನ್ನೊಂದು ಕಡತ, ಅಷ್ಟೇ. ಅದನ್ನೂ ಶ್ರದ್ಧೆಯಿಂದ ಆ ಕಡೆಗೆ ಸಾಗಿಸುತ್ತದೆ. ಎರಡು ಕಡೆ ಕುಳಿತು ಕೆಲಸ ಮಾಡುವವರಿಗೆ ಸಿಂಕ್ ಬಹಳ ಉಪಯುಕ್ತ. ನಿನ್ನೆಯ ಸ್ಥಿತಿಯನ್ನು ಕಾಪಾಡಿಡುವುದು ಮಾತ್ರ ಅದರ ಕೆಲಸವೇ ಅಲ್ಲ. ಇನ್ನು ಸಿಕ್ಕಿಸಿಕೊಂಡೇ ಇದ್ದ ಹಾರ್ಡ್‌ಡಿಸ್ಕ್ ಕಂಪ್ಯೂಟರಿನ ಮಟ್ಟಿಗೆ ಮತ್ತೊಂದು ಡ್ರೈವ್ ಮಾತ್ರ, ನಾವು ಬರೆಯಬಲ್ಲ ಜಾಗದಲ್ಲೆಲ್ಲ ನಮ್ಮ ಹೆಸರಿನಲ್ಲಿ ಒಳಬಂದವನೂ ಬರೆಯಬಲ್ಲ. ವಿಂಡೋಸ್ ತಾನಾಗಿ ಉಳಿಸಿಕೊಳ್ಳುವ ಹಳೆಯ ಪ್ರತಿಗಳನ್ನೂ ಇಂಥ ಅನೇಕ ತಂತ್ರಾಂಶಗಳು ಅಳಿಸಿಬಿಡುತ್ತವೆ.

ಆನ್‌ಲೈನ್ ಡ್ರೈವಿನ ಬಗ್ಗೆ ಒಂದು ಮಾತನ್ನು ಓದುಗರು ಗಮನಿಸಬೇಕು. ಗೂಗಲ್ ಡ್ರೈವ್‌ನಂತಹ ಸೇವೆಗಳು ಕಡತದ ಹಳೆಯ ಆವೃತ್ತಿಗಳನ್ನೂ ಅಳಿಸಿದ ಕಡತಗಳನ್ನೂ ಸಾಮಾನ್ಯವಾಗಿ 30 ದಿನ ಉಳಿಸಿಕೊಂಡಿರುತ್ತವೆ. ನಮ್ಮ ಡ್ರೈವಿನಲ್ಲಿಯೂ ಹಾಗೆ ಉಳಿದಿದ್ದಿರಬೇಕು. ಯಾರಿಗೆ ದೂರು ಕೊಡುವುದು, ಹಣ ಕಟ್ಟುವುದೇ ಬೇಡವೇ ಎಂದು ಆಡಳಿತ ಮಂಡಳಿಯ ಸಭೆಗಳಲ್ಲಿ ಚರ್ಚಿಸುತ್ತ ಕುಳಿತ ನಮಗೆ ಅದು ಗೊತ್ತಾಗುವ ವೇಳೆಗೆ ಆ ಅವಧಿ ಮುಗಿದಿತ್ತು. ಈ ಪತ್ರ ಓದುವ ಯಾರಿಗಾದರೂ ಇಂಥ ಸ್ಥಿತಿ ಬಂದರೆ ಮೊದಲ ದಿನವೇ, ಸೋಂಕಿಲ್ಲದ ಬೇರೊಂದು ಕಂಪ್ಯೂಟರಿನಿಂದ ಆ ಡ್ರೈವ್ ತೆರೆದು ಹಳೆಯ ಆವೃತ್ತಿ ಇದೆಯೇ ಎಂದು ನೋಡಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ನಮ್ಮನ್ನು ಉಳಿಸಿದ್ದು ಹಿಂದಿನ ಕಾರ್ಯದರ್ಶಿಯವರು ತಮ್ಮ ಮನೆಯ ಬೀರುವಿನಲ್ಲಿಟ್ಟಿದ್ದ ಒಂದು ಪೆನ್‌ಡ್ರೈವ್ ಮತ್ತು ನಮ್ಮ ಸದಸ್ಯರ ಮನೆಗಳು. ಪೆನ್‌ಡ್ರೈವಿನಲ್ಲಿದ್ದ ಲೆಕ್ಕ ಐದು ತಿಂಗಳು ಹಳೆಯದು. ಆ ಐದು ತಿಂಗಳನ್ನು ಹಾಲು ಅಳೆಯುವ ಯಂತ್ರ ಹೊತ್ತು ಹೊತ್ತಿಗೆ ಕೊಡುವ ಚೀಟಿಗಳಿಂದ ಮತ್ತೆ ಕಟ್ಟಬೇಕಾಯಿತು. ಲೀಟರ್, ಫ್ಯಾಟ್, ದರ, ಮೊತ್ತ ಅಷ್ಟೇ ಇರುವ ಆ ಚೀಟಿಗಳನ್ನು ಜನ ಕ್ಯಾಲೆಂಡರಿನ ಮೊಳೆಯಿಂದ, ಪಾಸ್‌ಬುಕ್ಕಿನ ಮಡಿಕೆಯಿಂದ, ದೇವರ ಗೂಡಿನಿಂದ ತಂದುಕೊಟ್ಟರು. ಒಂದೇ ಹಸುವಿನ ಹಾಲು ಹಾಕುವ ಅಜ್ಜಿಯೊಬ್ಬರು ಎಲ್ಲ ಚೀಟಿಗಳನ್ನೂ ತಂತಿಗೆ ಪೋಣಿಸಿ, ಒಂದು ಹೊತ್ತಿನದೂ ತಪ್ಪದಂತೆ ಇಟ್ಟಿದ್ದರು. ಅವರಿಗೆ ಓದು ಬರಹ ಬಾರದು; ನಮ್ಮ ಸಂಘದಲ್ಲಿ ಲೆಕ್ಕವನ್ನು ಸರಿಯಾಗಿ ಕಾಪಾಡಿದ್ದವರು ಅವರೊಬ್ಬರೇ ಎಂದು ಆ ದಿನ ನನಗೆ ಅನ್ನಿಸಿತು. ಎಲ್ಲರ ಚೀಟಿಗಳೂ ಹಾಗಿರಲಿಲ್ಲ. ದಿನ ಕಳೆದಂತೆ ಮಾಸುವ ಕಾಗದವಾದ್ದರಿಂದ ಎಷ್ಟೋ ಚೀಟಿಗಳಲ್ಲಿ ಅಕ್ಷರವೇ ಉಳಿದಿರಲಿಲ್ಲ. ಅಂಥವರ ಬಾಬ್ತನ್ನು ಒಕ್ಕೂಟಕ್ಕೆ ಕಳುಹಿಸಿದ ಒಟ್ಟು ಹಾಲಿನ ಲೆಕ್ಕದಿಂದ ಅಂದಾಜು ಮಾಡಿದೆವು. ಆ ಅಂದಾಜು ತಮಗೆ ಅನ್ಯಾಯ ಮಾಡಿದೆಯೆಂದು ಇಂದಿಗೂ ನನ್ನೊಡನೆ ಮಾತು ಬಿಟ್ಟಿರುವ ಎರಡು ಮನೆಗಳಿವೆ. ಅವರ ಮಾತು ತಪ್ಪೆಂದು ಹೇಳಲು ನನ್ನ ಬಳಿ ದಾಖಲೆಯಿಲ್ಲ.

ಇದು ಹಳ್ಳಿಯ ಸಂಘದ ಅಜ್ಞಾನವೆಂದು ತಳ್ಳಿಹಾಕುವವರಿಗೆ, 2017ರ ಜೂನ್ 27ರಂದು ಮೆರ್ಸ್ಕ್ ಎಂಬ ಡೆನ್ಮಾರ್ಕಿನ ಹಡಗು ಸಂಸ್ಥೆಗೆ ಆದದ್ದನ್ನು ನೆನಪಿಸುತ್ತೇನೆ. ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಅದರ ಜಾಲವನ್ನು ಹೊಕ್ಕಾಗ ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಟರ್ಮಿನಲ್ ಒಂದರ ಕೆಲಸವೂ ನಿಂತಿತು. ಯಾವ ಬಳಕೆದಾರರಿಗೆ ಯಾವ ಅನುಮತಿ ಎಂಬುದನ್ನು ದಾಖಲಿಸಿಕೊಂಡಿರುವ ಡೊಮೇನ್ ಕಂಟ್ರೋಲರ್ ಸರ್ವರ್‌ಗಳು ಆ ಸಂಸ್ಥೆಯಲ್ಲಿ ಸುಮಾರು 150 ಇದ್ದು, ಅವು ಒಂದರೊಡನೊಂದು ಸಿಂಕ್ ಆಗುತ್ತಿದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳಬಹುದೆಂಬುದು ಯೋಜನೆ. ಎಲ್ಲವೂ ಒಟ್ಟಿಗೆ ಕೆಡಬಹುದೆಂದು ಯಾರೂ ಎಣಿಸಿರಲಿಲ್ಲ. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಒಂದು. ದಾಳಿಗೆ ಮುಂಚೆ ಅಲ್ಲಿ ಕರೆಂಟ್ ಹೋಗಿ ಆ ಸರ್ವರ್ ಜಾಲದಿಂದ ಕಡಿದುಹೋಗಿದ್ದರಿಂದ ಅದೊಂದು ಬದುಕಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಗೂ ಕೊನೆಗೆ ಒದಗಿದ್ದು, ನಮ್ಮ ಬೀರುವಿನ ಪೆನ್‌ಡ್ರೈವಿನಂತೆ, ಆ ಗಳಿಗೆಯಲ್ಲಿ ಯಾವುದಕ್ಕೂ ಜೋಡಣೆಯಾಗಿರದ ಪ್ರತಿ. ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ 2022ರ ನವೆಂಬರ್ 23ರಂದು ದಾಳಿಯಾಗಿ ಸುಮಾರು ಎರಡು ವಾರ ನೋಂದಣಿಯನ್ನೆಲ್ಲ ಕೈಬರಹದಲ್ಲಿ ನಡೆಸಬೇಕಾದಾಗಲೂ, ದಾಳಿ ಮುಟ್ಟದ ಬ್ಯಾಕಪ್ ಸರ್ವರ್‌ನಿಂದ ಮಾಹಿತಿಯನ್ನು ಮರಳಿ ಪಡೆಯಲಾಯಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ.

ಸಹಕಾರ ರಂಗಕ್ಕೆ ಇದು ದೂರದ ವಿಷಯವಾಗಿ ಉಳಿದಿಲ್ಲ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ನೀಡುವ ಸಂಸ್ಥೆಯೊಂದರ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರು ಯುಪಿಐ ಮೊದಲಾದ ಪಾವತಿ ಸೇವೆಗಳಿಲ್ಲದೆ ಉಳಿಯಬೇಕಾಯಿತು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ₹2,516 ಕೋಟಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ನೀಡಿತು. ಪುಸ್ತಕದಿಂದ ಕಂಪ್ಯೂಟರಿಗೆ ಹೋಗುವುದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಪುಸ್ತಕವಿದ್ದಾಗ ಸದಸ್ಯರ ಕೈಯ ಪಾಸ್‌ಬುಕ್ ತಾನಾಗಿಯೇ ಎರಡನೆಯ ಪ್ರತಿಯಾಗಿತ್ತು. ಈಗ ಅದನ್ನು ನಾವು ಮನಸ್ಸಿಟ್ಟು ಮಾಡಿಕೊಳ್ಳಬೇಕು.

ಅದಕ್ಕಿರುವ ಕ್ರಮವೇನೂ ಕಷ್ಟದ್ದಲ್ಲ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ಉಳಿಸಿಕೊಳ್ಳುವ ಬಗೆಯನ್ನು 3-2-1 ಎಂಬ ಅಂಕಿಗಳಲ್ಲಿ ಹೇಳಿದ್ದು ಈಗ ಜಗತ್ತಿನ ವಾಡಿಕೆಯಾಗಿದೆ: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ರ‍್ಯಾನ್ಸಮ್‌ವೇರ್ ಬಂದ ಮೇಲೆ ಇದಕ್ಕೆ, ಒಂದು ಪ್ರತಿಯಾದರೂ ಯಾವ ಕಂಪ್ಯೂಟರಿಗೂ ಜೋಡಣೆಯಾಗಿರಬಾರದು ಎಂಬ ಮಾತು ಸೇರಿದೆ. ನಮ್ಮ ಸಂಘದಲ್ಲಿ ಈಗ ಎರಡು ಹಾರ್ಡ್‌ಡಿಸ್ಕ್‌ಗಳಿವೆ. ಒಂದು ಶನಿವಾರ ಒಂದು, ಮುಂದಿನ ಶನಿವಾರ ಇನ್ನೊಂದು. ಬ್ಯಾಕಪ್ ಮುಗಿದ ಕೂಡಲೇ ಬಿಡಿಸಿ, ಕಾರ್ಯದರ್ಶಿಯವರು ಸಹಿ ಹಾಕಿ ಮನೆಗೆ ಕೊಂಡೊಯ್ಯುತ್ತಾರೆ. ಎರಡೂ ಒಂದೇ ದಿನ ಕಚೇರಿಯಲ್ಲಿರುವಂತಿಲ್ಲ. ಒಂದೇ ಡಿಸ್ಕ್ ಇದ್ದಿದ್ದರೆ, ಒಳಗೆ ಹೊಕ್ಕು ಕೆಲವು ದಿನ ಸುಮ್ಮನಿರುವ ದಾಳಿಕೋರ ನಾವು ಅದನ್ನು ಸಿಕ್ಕಿಸಿದ ಗಳಿಗೆಯಲ್ಲೇ ಅದಕ್ಕೂ ಬೀಗ ಹಾಕಬಹುದಿತ್ತು. ಸದಸ್ಯರ ಆಧಾರ್ ಮತ್ತು ಬ್ಯಾಂಕ್ ಖಾತೆಯ ವಿವರಗಳು ಮನೆಗೆ ಹೋಗುವ ಡಿಸ್ಕಿನಲ್ಲಿರುವುದರಿಂದ ಅದಕ್ಕೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ ಸಂಘದ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಸಾಧನಗಳಿಗೂ ಆಯಸ್ಸಿದೆ. ಹಳೆಯ ತಾಳೆಗರಿ ಪುಡಿಯಾಗುವ ಮುನ್ನ ಅದನ್ನು ಹೊಸ ಗರಿಗೆ ಪ್ರತಿ ಮಾಡಿದವರಿದ್ದುದರಿಂದಲೇ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ನಮಗೆ ಇಂದು ಓದಲು ಹಸ್ತಪ್ರತಿಗಳಿವೆ. ಹಾರ್ಡ್‌ಡಿಸ್ಕಿಗೂ ಅಷ್ಟೇ ನಿಗಾ ಬೇಕು.

ಬ್ಯಾಕಪ್ ಇದೆ ಎನ್ನುವುದು ಬೇರೆ, ಅದು ತೆರೆಯುತ್ತದೆ ಎನ್ನುವುದು ಬೇರೆ. ತಂತ್ರಾಂಶ ಬರೆಯುವವರೇ ಬಳಸುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನೌಕರರೊಬ್ಬರ ಕೈತಪ್ಪಿನಿಂದ ಮುಖ್ಯ ದತ್ತಾಂಶವೇ ಅಳಿದುಹೋದಾಗ, ಅಲ್ಲಿ ಜಾರಿಯಲ್ಲಿದ್ದ ಐದು ಬಗೆಯ ಬ್ಯಾಕಪ್‌ಗಳಲ್ಲಿ ಒಂದೂ ಸರಿಯಾಗಿ ಒದಗಲಿಲ್ಲವೆಂದು ಆ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಕೊನೆಗೆ ಯಾರೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ತೆಗೆದಿದ್ದ ಪ್ರತಿಯಿಂದ ಅವರು ಚೇತರಿಸಿಕೊಂಡರು. ಆದ್ದರಿಂದಲೇ ನನ್ನ ಕೋರಿಕೆ ಬ್ಯಾಕಪ್ ಇದೆಯೇ ಎಂದು ಕೇಳಿ ಒಂದು ಗುರುತು ಹಾಕಿಕೊಳ್ಳುವಷ್ಟಕ್ಕೆ ನಿಲ್ಲುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 63ನೇ ಪ್ರಕರಣದಂತೆ ನಡೆಯುವ ಪರಿಶೋಧನೆಯ ವೇಳೆ, ಪರಿಶೋಧಕರು ತಾವೇ ಆರಿಸಿದ ಒಬ್ಬ ಸದಸ್ಯರ, ತಾವೇ ಆರಿಸಿದ ಒಂದು ದಿನಾಂಕದ ಬಾಕಿಯನ್ನು, ಬಿಡಿಸಿಟ್ಟ ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ತೋರಿಸುವಂತೆ ಕೇಳಲಿ. ಮೂಟೆ ಎಣಿಸುವುದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ತೆರೆಯದಿದ್ದರೆ ಅದನ್ನು ನಗದು ಕಡಿಮೆ ಬಿದ್ದಷ್ಟೇ ಗಂಭೀರ ನ್ಯೂನತೆಯೆಂದು ವರದಿಯಲ್ಲಿ ಬರೆದು, ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರ ಮುಂದೆ ಓದಿಸಲಿ.

ದಾಳಿಗೆ ಸಿಕ್ಕವರು ಮಾಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಬೇಕು, ವೈಫೈ ಆರಿಸಬೇಕು. ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಅದೇ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬಾರದು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಅಥವಾ 1930 ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಸಂಸ್ಥೆಗಳು ಇಂಥ ಘಟನೆಯನ್ನು ಆರು ಗಂಟೆಯೊಳಗೆ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ನಾವು ಹಣ ಕಟ್ಟಲಿಲ್ಲ. ಕಟ್ಟಿದವರಿಗೆಲ್ಲ ಕೀಲಿ ಸಿಕ್ಕಿದೆಯೆಂಬ ಭರವಸೆಯೂ ಇಲ್ಲ. ಬೀಗ ಬಿದ್ದ ಕಡತಗಳನ್ನು ಮಾತ್ರ ಅಳಿಸದೆ ಇಟ್ಟುಕೊಂಡಿದ್ದೇವೆ. ಯುರೋಪಿನ ಪೊಲೀಸರೂ ಕೆಲವು ಭದ್ರತಾ ಸಂಸ್ಥೆಗಳೂ ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಯೋಜನೆಯಲ್ಲಿ ಹಲವು ಬಗೆಯ ದಾಳಿಗಳ ಕೀಲಿಗಳು ಉಚಿತವಾಗಿ ಸಿಗುತ್ತವೆ. ನಮ್ಮದಕ್ಕೆ ಇನ್ನೂ ಸಿಕ್ಕಿಲ್ಲ. ಮೂರು ತಿಂಗಳಿಗೊಮ್ಮೆ ಹುಡುಕುತ್ತೇನೆ, ಏಕೆಂದರೆ ಮಾತು ಬಿಟ್ಟಿರುವ ಆ ಎರಡು ಮನೆಗಳ ಲೆಕ್ಕ ಆ ಕಡತಗಳೊಳಗೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಹಾಲು ಸಂಘವೊಂದರ ಲೆಕ್ಕಿಗ,
ಮಂಡ್ಯ ತಾಲ್ಲೂಕು