ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಕಳೆದುಹೋದ ವರ್ಷಗಳನ್ನೂ ಎಣಿಸಿ

ಮಾನ್ಯ ಸಚಿವರೇ,

ನಮಸ್ಕಾರ. ನನ್ನ ತಮ್ಮ ಕಲ್ಲು ಕ್ರಷರಿನಲ್ಲಿ ದುಡಿಯುತ್ತಿದ್ದ. ತೀರಿಕೊಂಡಾಗ ಅವನಿಗೆ ಬರೀ 39 ವರ್ಷ. ಕೊನೆಕೊನೆಗೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು ಬಿಡುತ್ತಿದ್ದ. ಟಿ.ಬಿ. ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಕಫದಲ್ಲಿ ಟಿ.ಬಿ. ಸಿಗಲೇ ಇಲ್ಲ. ಆಮೇಲೆ ಎಕ್ಸ್‌ರೇ ನೋಡಿದ ಇನ್ನೊಬ್ಬ ವೈದ್ಯರು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದಿದೆ, ಇದು ಸಿಲಿಕೋಸಿಸ್ ಎಂದರು. ಆದರೆ ಅವನು ಸತ್ತ ಆಸ್ಪತ್ರೆಯವರು ಸಾವಿನ ಕಾರಣ ಎಂದು ಬರೆದುಕೊಟ್ಟಿದ್ದು ಹೃದಯ ಸ್ತಂಭನ, ಅಷ್ಟೇ. ಸರಿಯಾಗಿ ಬರೆದುಕೊಡಿ ಎಂದು ಕೈಮುಗಿದು ಕೇಳಿದೆ. "ಹೋದವನು ಹೋದ, ಕಾರಣ ಕಟ್ಟಿಕೊಂಡು ಏನು ಮಾಡ್ತೀಯಮ್ಮ?" ಎಂದರು. ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತಿದೆ.

ಹೃದಯ ನಿಲ್ಲದೆ ಯಾರು ಸತ್ತಿದ್ದಾರೆ ಸ್ವಾಮಿ? ಆಸ್ಪತ್ರೆಯವರು ಸಾವಿನ ಕಾರಣ ಬರೆದುಕೊಡುವ ನಮೂನೆ 4ರಲ್ಲಿ ಸಾವಿಗೆ ದಾರಿ ಮಾಡಿದ ಮೂಲ ರೋಗವನ್ನೇ ಬರೆಯಬೇಕು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಅದರ ಪ್ರತಿಯನ್ನು ಮನೆಯವರಿಗೂ ಕೊಡಬೇಕು. ಇದೆಲ್ಲ ನಿಮಗೆ ಗೊತ್ತಿರುವುದೇ.

ಮರಣ ಪ್ರಮಾಣದ ಲೆಕ್ಕದಲ್ಲಿ 39ರ ಸಾವೂ ಒಂದೇ, 80ರ ಸಾವೂ ಒಂದೇ. ಅದಕ್ಕೇ ಜನಸಂಖ್ಯೆ ಅಧ್ಯಯನ ಮಾಡುವವರು, ಬದುಕಬಹುದಾಗಿದ್ದ ಎಷ್ಟು ವರ್ಷ ಕಳೆದುಹೋಯಿತು ಎಂದೂ ಎಣಿಸುತ್ತಾರೆ. 75 ವರ್ಷವನ್ನು ಗಡಿಯಾಗಿ ಇಟ್ಟುಕೊಂಡರೆ ನನ್ನ ತಮ್ಮ ಕಳೆದುಕೊಂಡಿದ್ದು 36 ವರ್ಷ. 80ರಲ್ಲಿ ಹೋದವರದು ಸೊನ್ನೆ. ಹಿರಿಯರ ಜೀವಕ್ಕೆ ಬೆಲೆ ಕಡಿಮೆ ಅಂತ ಇದರ ಅರ್ಥ ಅಲ್ಲ. ಯಾವ ರೋಗ, ಯಾವ ಕೆಲಸ ಜನರನ್ನು ಬೇಗ ಕೊಲ್ಲುತ್ತಿದೆ ಎಂದು ಈ ಲೆಕ್ಕದಲ್ಲಿ ಕಾಣುತ್ತದೆ. ಆ 36 ವರ್ಷ ಹೃದಯದ ಖಾತೆಗೆ ಹೋದರೆ ಧೂಳಿನ ಖಾತೆ ಖಾಲಿ ಉಳಿಯುತ್ತದೆ. ಆಗ ಧೂಳು ಏಳದಂತೆ ಕಲ್ಲಿಗೆ ನೀರು ಯಾಕೆ ಚಿಮುಕಿಸುತ್ತಿಲ್ಲ ಎಂದು ಕ್ರಷರಿನವರನ್ನು ಯಾರು ಕೇಳುತ್ತಾರೆ?

ಅಸಾಂಕ್ರಾಮಿಕ ರೋಗಗಳಿಂದಾಗುವ ಅಕಾಲ ಮರಣವನ್ನು 2030ರೊಳಗೆ ಮೂರನೇ ಒಂದರಷ್ಟು ಇಳಿಸುವ ಗುರಿಯನ್ನು ವಿಶ್ವಸಂಸ್ಥೆಯಲ್ಲಿ ನಮ್ಮ ದೇಶವೂ ಒಪ್ಪಿದೆ. ದೀರ್ಘಕಾಲದ ಶ್ವಾಸಕೋಶದ ರೋಗವೂ ಅದರಲ್ಲಿದೆ. ಕಾರಣವನ್ನೇ ತಪ್ಪು ಬರೆದರೆ ಇಳಿದಿದ್ದು ಏನು ಅಂತ ಹೇಗೆ ಹೇಳುತ್ತೀರಿ?

ನಾನು ಕೇಳುವುದು ಇಷ್ಟೇ. ಕಳೆದುಹೋದ ವರ್ಷಗಳ ಲೆಕ್ಕವನ್ನು ಜಿಲ್ಲೆ, ರೋಗ, ಕಸುಬು ಹಿಡಿದು ಪ್ರತಿ ವರ್ಷ ಪ್ರಕಟಿಸಿ. ಮೂಲ ಕಾರಣ ಬರೆಯದ ನಮೂನೆಯನ್ನು ಆಸ್ಪತ್ರೆಗೇ ವಾಪಸ್ ಕಳಿಸಿ. ಸಮಿತಿ ಬೇಡ, ಪರಿಶೀಲಿಸುತ್ತೇವೆ ಎಂಬ ಮಾತೂ ಬೇಡ. ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಕೊಡಿ. ನನ್ನ ತಮ್ಮನ 36 ವರ್ಷ ಸರಿಯಾದ ಕಾರಣದ ಎದುರು ಬರಲಿ.

ಇಂತಿ,
ತಮ್ಮನನ್ನು ಕಳೆದುಕೊಂಡ ಒಬ್ಬ ಅಕ್ಕ